ಜೈಲಿನ ಪುಸ್ತಕಗಳನ್ನು ಓದುವವರು ಯಾರು?

(ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚಿಂಚ್‌ಪೋಕ್ಲಿ ಸ್ಟೇಷನ್ನಿನಲ್ಲಿ ಇಳಿದು ಸಾತ್ ರಸ್ತಾ ಕಡೆ ನಡೆದರೆ ಆರ್ಥರ್ ರೋಡ್ ಜೈಲಿನ ಗೋಡೆ ಸಿಗುತ್ತದೆ. ರಸ್ತೆಗೆ ಸಾನೆ ಗುರೂಜಿ ಮಾರ್ಗ ಅಂತ ಹೆಸರಿಟ್ಟು ಎಷ್ಟೋ ಕಾಲವಾಯಿತು. ಆದರೂ ಎಲ್ಲರ ಬಾಯಲ್ಲಿ ಅದು ಆರ್ಥರ್ ರೋಡ್ ಜೈಲೇ. ನಿಮ್ಮಲ್ಲಿ ಅನೇಕರು ಆ ಗೋಡೆಯ ಪಕ್ಕದಲ್ಲಿ ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಹೋಗಿರುತ್ತೀರಿ. ಸಾವಿರಕ್ಕೂ ಕಡಿಮೆ ಜನರಿಗೆ ಅಂತ ಮಂಜೂರಾದ ಜಾಗ ಅದು. ಅಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಜನರನ್ನು ಇಟ್ಟಿದ್ದ ವರ್ಷಗಳಿವೆ. ರಾತ್ರಿ ಮಗ್ಗಲು ಬದಲಿಸಬೇಕಾದರೆ ಪಕ್ಕದವನನ್ನೂ ಎಬ್ಬಿಸಬೇಕು ಅಂತ ಹೊರಗೆ ಬಂದವರು ಹೇಳುತ್ತಾರೆ.

ಇದಕ್ಕೆ ಜವಾಬು ಯಾರು ಕೊಡಬೇಕು? ಜೈಲಿನವರನ್ನು ಕೇಳಿದರೆ, ಕೋರ್ಟು ಕಳಿಸುತ್ತದೆ, ನಾವು ಬೇಡ ಅನ್ನುವ ಹಾಗಿಲ್ಲ ಅನ್ನುತ್ತಾರೆ. ಕೋರ್ಟಿನಲ್ಲಿ ಕೇಳಿದರೆ, ಆರೋಪಿಯನ್ನು ತಾರೀಕಿಗೆ ಕರೆತರಲಿಲ್ಲ, ಕೇಸು ಮುಂದಕ್ಕೆ ಹೋಯಿತು ಅನ್ನುತ್ತಾರೆ. ಕರೆತರಬೇಕಾದ ಪೊಲೀಸರನ್ನು ಕೇಳಿದರೆ, ಬಂದೋಬಸ್ತಿಗೇ ಜನ ಸಾಲುತ್ತಿಲ್ಲ, ಎಸ್ಕಾರ್ಟ್ ಎಲ್ಲಿಂದ ತರೋಣ ಅನ್ನುತ್ತಾರೆ. ಮೂವರ ಮಾತಿನಲ್ಲೂ ಸತ್ಯ ಇದೆ. ಆದರೆ ಒಳಗೆ ಕೂತವನ ಪಾಲಿಗೆ ಹೇಳೋರಿಲ್ಲ, ಕೇಳೋರಿಲ್ಲ. ನಾನು ಪಿಎಚ್‌ಡಿಗೆ ಹಿಡಿದಿರುವ ವಿಷಯ ಇದೇ. ಜೈಲಿನ ಒಳಗೆ ಏನು ನಡೆದರೂ ಅದಕ್ಕೆ ಯಾರು, ಯಾರಿಗೆ ಲೆಕ್ಕ ಕೊಡಬೇಕು? ಕೊಡದಿದ್ದರೆ ಏನಾಗುತ್ತದೆ?

ಇದನ್ನು ಓದಲು ಶುರು ಮಾಡಿದಾಗ ಕಾನೂನೇ ಇಲ್ಲವೇನೋ ಅನ್ನುವ ಭಾವನೆ ಹಲವರಿಗೆ ಇರುತ್ತದೆ. ಕಾನೂನು ಇದೆ, ಬೇಕಾದಷ್ಟಿದೆ. ನಮ್ಮ ಜೈಲುಗಳು ನಡೆದು ಬಂದಿರುವುದು 1894ರ ಕಾರಾಗೃಹ ಕಾಯ್ದೆಯ ಮೇಲೆ. ಬ್ರಿಟಿಷರು ಮಾಡಿದ ಕಾಯ್ದೆ. ಅದರಲ್ಲಿ ಕೈದಿಯ ಮೇಲೆ ಕರುಣೆ ಅನ್ನುವುದು ಕಡಿಮೆ. ಛಡಿ ಏಟಿನ ಶಿಕ್ಷೆಯೂ ಅದರಲ್ಲಿ ಇತ್ತು. ಆದರೆ ಬರೆದಿಡುವ ವಿಷಯದಲ್ಲಿ ಅದು ತುಂಬ ಕಟ್ಟುನಿಟ್ಟು. 12ನೇ ಸೆಕ್ಷನ್ ಪ್ರಕಾರ ಸೂಪರಿಂಟೆಂಡೆಂಟ್ ಐದು ಪುಸ್ತಕ ಇಡಬೇಕು. ಒಳಗೆ ಬಂದವರದ್ದು ಒಂದು. ಯಾರು ಯಾವಾಗ ಬಿಡುಗಡೆ ಆಗಬೇಕು ಅನ್ನುವುದಕ್ಕೆ ಒಂದು. ಯಾರಿಗೆ ಯಾಕೆ ಶಿಕ್ಷೆ ಕೊಟ್ಟರು ಅನ್ನುವುದಕ್ಕೆ ಒಂದು. ಹೊರಗಿನಿಂದ ಬಂದು ನೋಡಿದವರು ತಮ್ಮ ಅಭಿಪ್ರಾಯ ಬರೆಯಲು ಒಂದು. ಕೈದಿಯಿಂದ ತೆಗೆದಿಟ್ಟುಕೊಂಡ ಹಣ, ಸಾಮಾನಿಗೆ ಒಂದು.

24ನೇ ಸೆಕ್ಷನ್ ಇನ್ನೂ ಮುಖ್ಯ. ಕೈದಿ ಒಳಗೆ ಬಂದ ಮೇಲೆ ಆದಷ್ಟು ಬೇಗ ವೈದ್ಯಕೀಯ ತಪಾಸಣೆ ಆಗಬೇಕು. ಅವನ ಮೈಮೇಲೆ ಗಾಯ, ಗುರುತು ಏನಿದ್ದರೂ ಪುಸ್ತಕದಲ್ಲಿ ಬರೆಯಬೇಕು. ಈ ಒಂದು ಸಾಲು ಎಷ್ಟು ಕೆಲಸ ಮಾಡಬಲ್ಲದು ನೋಡಿ. ಪೊಲೀಸ್ ಲಾಕಪ್ಪಿನಲ್ಲಿ ಹೊಡೆದಿದ್ದರೆ ಜೈಲಿನ ಪುಸ್ತಕ ಅದಕ್ಕೆ ಸಾಕ್ಷಿ. ಬರುವಾಗ ಮೈ ಸರಿಯಿದ್ದು, ವಾರದ ಮೇಲೆ ಕೋರ್ಟಿಗೆ ಹೋಗುವಾಗ ಕೈ ಮುರಿದಿದ್ದರೆ ಅದೇ ಪುಸ್ತಕ ಜೈಲಿನವರನ್ನು ಕೇಳುತ್ತದೆ. ನಿಯತ್ತಿನಿಂದ ಕೆಲಸ ಮಾಡುವ ಜೈಲರ್‌ಗೂ ಅದು ರಕ್ಷೆ. ತಾನು ಹೊಡೆದಿಲ್ಲ ಅಂತ ತೋರಿಸಲು ಅವನಿಗೆ ಬೇರೆ ಏನಿದೆ?

ಆ ಕಾಯ್ದೆಯಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು 15ನೇ ಸೆಕ್ಷನ್. ಕೈದಿ ಸತ್ತರೆ ವೈದ್ಯಾಧಿಕಾರಿ ಏನೇನು ಬರೆಯಬೇಕು ಅಂತ ಅದು ಹೇಳುತ್ತದೆ. ಸತ್ತವನು ಮೊದಲು ಯಾವತ್ತು ಹುಷಾರಿಲ್ಲ ಅಂದ? ಅವತ್ತು ಅವನಿಗೆ ಯಾವ ಕೆಲಸ ಕೊಟ್ಟಿದ್ದರು? ಅವತ್ತು ಅವನಿಗೆ ಎಷ್ಟು ಊಟ ಇತ್ತು? ಆಸ್ಪತ್ರೆಗೆ ಯಾವತ್ತು ಸೇರಿಸಿದರು? ಡಾಕ್ಟರಿಗೆ ಮೊದಲು ಯಾವತ್ತು ತಿಳಿಸಿದರು? ಏನು ಕಾಯಿಲೆ? ಸಾಯುವ ಮುಂಚೆ ಡಾಕ್ಟರೋ ಅವರ ಕೈಕೆಳಗಿನವರೋ ಅವನನ್ನು ಕೊನೆಗೆ ನೋಡಿದ್ದು ಯಾವಾಗ? ಸತ್ತಿದ್ದು ಯಾವಾಗ? ಪೋಸ್ಟ್‌ಮಾರ್ಟಂ ಆಗಿದ್ದರೆ ಏನು ಕಂಡಿತು?

ಒಂಬತ್ತು ಪ್ರಶ್ನೆ. ಮೊದಲನೆಯದನ್ನೂ ಐದನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹುಷಾರಿಲ್ಲ ಅಂತ ಹೇಳಿದ ದಿನ ಒಂದು, ಡಾಕ್ಟರಿಗೆ ತಿಳಿಸಿದ ದಿನ ಇನ್ನೊಂದು. ಆ ಎರಡು ತಾರೀಕಿನ ನಡುವೆ ಎಷ್ಟು ದಿನ ಹೋಯಿತೋ ಅದಷ್ಟೂ ಯಾರದ್ದೋ ಜವಾಬ್ದಾರಿ. ಒಬ್ಬ ಮನುಷ್ಯ ಎದೆ ನೋವು ಅಂತ ಎಷ್ಟು ಹೊತ್ತು ಕಿರುಚಿದ, ಬ್ಯಾರಕ್ಕಿನ ಬಾಗಿಲಿಗೆ ಯಾರು ಬಂದರು, ಯಾರು ಬರಲಿಲ್ಲ ಅನ್ನುವುದೆಲ್ಲ ಆ ನಡುವಿನಲ್ಲಿದೆ. ನೂರಿಪ್ಪತ್ತು ವರ್ಷಕ್ಕೂ ಹಿಂದೆ ಬರೆದ ಕಾಯ್ದೆ ಸರಿಯಾದ ಪ್ರಶ್ನೆಯನ್ನೇ ಕೇಳಿದೆ. ಆದರೆ ಉತ್ತರ ಬರೆಯುವವರು ಒಳಗಿನವರು, ಬರೆದದ್ದನ್ನು ಮೊದಲು ಓದುವವರೂ ಒಳಗಿನವರು.

ಇಲ್ಲಿ ಹೋಟೆಲ್ ನಡೆಸುವವರು ಇದ್ದೀರಿ. ಗಲ್ಲಾದಲ್ಲಿ ಕೂತವನೇ ದುಡ್ಡು ತೆಗೆದುಕೊಂಡು, ಅವನೇ ಲೆಕ್ಕ ಬರೆದು, ರಾತ್ರಿ ಅವನೇ ತಾಳೆ ನೋಡುವ ವ್ಯವಸ್ಥೆಯನ್ನು ನೀವು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಅವನು ಕಳ್ಳ ಅಂತಲ್ಲ. ತುಂಬ ಒಳ್ಳೆಯವನೇ ಇರಬಹುದು. ಆದರೂ ಇನ್ನೊಂದು ಕಣ್ಣು ಬೇಕಲ್ವಾ?

ಆ ಇನ್ನೊಂದು ಕಣ್ಣು ಹೊರಗಿನಿಂದ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಈ ಊರಿನದ್ದೇ ಕಥೆ ಇದೆ. ಶೀಲಾ ಬರ್ಸೆ ಅನ್ನುವ ಪತ್ರಕರ್ತೆ ಬೊಂಬಾಯಿ ಜೈಲಿನಲ್ಲಿ 15 ಮಂದಿ ಮಹಿಳಾ ಕೈದಿಗಳನ್ನು ಮಾತಾಡಿಸಿದರು. ಅವರಲ್ಲಿ ಐದು ಮಂದಿ, ಪೊಲೀಸ್ ಲಾಕಪ್ಪಿನಲ್ಲಿ ನಮ್ಮನ್ನು ಹೊಡೆದರು ಅಂದರು. ಶೀಲಾ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡಿತು. ಆಮೇಲೆ ಮಾಡಿದ ಕೆಲಸ ನನಗೆ ತುಂಬ ಇಷ್ಟ. ಜೈಲಿನವರಿಂದ ವರದಿ ತರಿಸಿಕೊಂಡು ಸುಮ್ಮನಾಗಲಿಲ್ಲ. ಇಲ್ಲಿನ ನಿರ್ಮಲಾ ನಿಕೇತನ ಸಮಾಜಕಾರ್ಯ ಕಾಲೇಜಿನ ನಿರ್ದೇಶಕಿಯನ್ನೇ ಜೈಲಿಗೆ ಕಳಿಸಿತು. ಹೋಗಿ, ಹೆಂಗಸರ ಜೊತೆ ಮಾತಾಡಿ, ಏನಿದೆ ಅಂತ ಬರೆದು ಕೊಡಿ ಅಂದಿತು. ಒಬ್ಬ ಮೇಷ್ಟರಿಗೆ ಆ ಅಧಿಕಾರ ಕೊಟ್ಟರು ನೋಡಿ.

1983ರ ಫೆಬ್ರವರಿಯಲ್ಲಿ ತೀರ್ಪು ಬಂತು. ಹೆಂಗಸರಿಗೆ ಬೇರೆ ಲಾಕಪ್ಪು ಇರಬೇಕು, ಅಲ್ಲಿ ಮಹಿಳಾ ಕಾನ್‌ಸ್ಟೇಬಲ್‌ಗಳೇ ಕಾವಲಿರಬೇಕು. ವಿಚಾರಣೆ ಮಾಡುವಾಗ ಮಹಿಳಾ ಪೊಲೀಸರು ಇರಲೇಬೇಕು. ಸೆಷನ್ಸ್ ನ್ಯಾಯಾಧೀಶರೊಬ್ಬರು ಆಗಾಗ ಹೇಳದೆ ಕೇಳದೆ ಲಾಕಪ್ಪುಗಳಿಗೆ ಹೋಗಿ ನೋಡಬೇಕು. ಇವತ್ತು ದೇಶದಲ್ಲೆಲ್ಲ ಮಾತಾಡುವ ಎಷ್ಟೋ ನಿಯಮಗಳಿಗೆ ಇಲ್ಲಿನ ಆ ಪತ್ರವೂ ಒಂದು ಮೂಲ.

ಬೊಂಬಾಯಿಯದ್ದೇ ಇನ್ನೊಂದು ಕೇಸು ಇನ್ನೂ ಹಳೆಯದು. 1960ರ ದಶಕದಲ್ಲಿ ಭಾರತ ರಕ್ಷಣಾ ನಿಯಮಗಳ ಕೆಳಗೆ ಬಂಧನದಲ್ಲಿದ್ದ ಪ್ರಭಾಕರ ಪಾಂಡುರಂಗ ಸಂಝಗಿರಿ ಅನ್ನುವವರು ಜೈಲಿನಲ್ಲೇ ಕೂತು ಪರಮಾಣುವಿನ ಬಗ್ಗೆ ಮರಾಠಿಯಲ್ಲಿ ಒಂದು ವಿಜ್ಞಾನದ ಪುಸ್ತಕ ಬರೆದರು. ಅಚ್ಚು ಹಾಕಿಸಲು ಹೊರಗೆ ಕಳಿಸಿ ಅಂದರೆ ಸರ್ಕಾರ ಆಗಲ್ಲ ಅಂತು. ನಿಯಮ ಏನು ಕೊಟ್ಟಿದೆಯೋ ಅಷ್ಟೇ ಸಿಗುವುದು, ಪುಸ್ತಕ ಕಳಿಸಬಹುದು ಅಂತ ನಿಯಮದಲ್ಲಿ ಇಲ್ಲವಲ್ಲ ಅನ್ನುವುದು ಸರ್ಕಾರದ ವಾದ. 1965ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ನಿಯಮದಲ್ಲಿ ಬೇಡ ಅಂತ ಬರೆಯದಿದ್ದ ಮೇಲೆ ತಡೆಯುವ ಹಾಗಿಲ್ಲ ಅಂದಿತು. ಇವತ್ತಿಗೂ ಮುಲಾಖಾತಿನ, ಅಂದರೆ ಕೈದಿಗಳ ಭೇಟಿಯ, ಕಿಟಕಿಯಲ್ಲಿ, ಪಾರ್ಸೆಲ್ ಕೌಂಟರಿನಲ್ಲಿ ಸಿಗುವ ಮೊದಲ ಉತ್ತರ ಆ ಹಳೆಯದೇ: ಹಾಗೆ ನಿಯಮ ಇಲ್ಲ.

ಕೆಲವು ವರ್ಷಗಳ ಹಿಂದೆ ನವಿ ಮುಂಬಯಿಯ ತಲೋಜಾ ಜೈಲಿನಲ್ಲಿ ಇದು ಎಂಥ ಮಟ್ಟಕ್ಕೆ ಹೋಯಿತು ಅಂತ ನಿಮಗೆ ನೆನಪಿರಬಹುದು. ಅಲ್ಲಿದ್ದ ಫಾದರ್ ಸ್ಟ್ಯಾನ್ ಸ್ವಾಮಿ ಆದಿವಾಸಿಗಳ ನಡುವೆ ಕೆಲಸ ಮಾಡಿದ ಪಾದ್ರಿ. ಅವರಿಗೆ 80 ದಾಟಿತ್ತು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು, ಲೋಟ ಹಿಡಿಯಲು ಆಗುತ್ತಿರಲಿಲ್ಲ. ಬಂಧಿಸುವಾಗ ತೆಗೆದುಕೊಂಡ ನನ್ನ ಸ್ಟ್ರಾ, ಸಿಪ್ಪರ್ ಕೊಡಿ ಅಂತ 2020ರ ನವೆಂಬರ್‌ನಲ್ಲಿ ಕೋರ್ಟಿಗೆ ಅರ್ಜಿ ಹಾಕಿದರು. ಉತ್ತರ ಕೊಡಲು ತನಿಖಾ ಸಂಸ್ಥೆ 20 ದಿನ ಕಾಲ ಕೇಳಿತು. ಆಮೇಲೆ, ಅವರ ಸಿಪ್ಪರ್ ನಮ್ಮ ಹತ್ತಿರ ಇಲ್ಲ ಅಂತು. ಅವರ ಮೇಲಿದ್ದ ಕೇಸು ಸರಿಯೋ ತಪ್ಪೋ ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. ನೀರು ಕುಡಿಯುವ ಒಂದು ಸಿಪ್ಪರನ್ನು ಅವತ್ತೇ ಸಂಜೆ ಕೊಡಿಸುವ ಅಧಿಕಾರ ಯಾರಿಗಿತ್ತು? ಅವರು ಯಾಕೆ ಕೊಡಿಸಲಿಲ್ಲ? ಅದನ್ನು ಅವರ ಹತ್ತಿರ ಯಾರು ಕೇಳಿದರು? 2021ರ ಜುಲೈ 5ರಂದು ಬಾಂದ್ರಾದ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆಗಲೂ ಅವರು ವಿಚಾರಣಾಧೀನ ಕೈದಿಯೇ.

ಬೈಕಲಾದ ಮಹಿಳಾ ಜೈಲಿನ ವಿಷಯ ಹೇಳದೆ ಮುಂದೆ ಹೋಗಲಾರೆ. 2017ರ ಜೂನ್. ಅಲ್ಲಿ ಒಬ್ಬ ಹೆಣ್ಣುಮಗಳು ಶಿಕ್ಷೆ ಅನುಭವಿಸುತ್ತಿದ್ದರು. ನಡತೆ ಚೆನ್ನಾಗಿದೆ ಅಂತ ಕೈದಿ ವಾರ್ಡರ್ ಕೆಲಸ ಕೊಟ್ಟಿದ್ದರು. ಬೆಳಗಿನ ರೇಷನ್ನಿನಲ್ಲಿ ಎರಡು ಮೊಟ್ಟೆ, ಐದು ಪಾವ್ ಬ್ರೆಡ್ಡು ಲೆಕ್ಕಕ್ಕೆ ಸಿಗಲಿಲ್ಲ. ಅದಕ್ಕೆ ಅವರನ್ನು ಸಿಬ್ಬಂದಿಯೇ ಹೊಡೆದು ಸಾಯಿಸಿದರು ಅನ್ನುವುದು ಆರೋಪ. ಆರು ಮಂದಿ ಸಿಬ್ಬಂದಿಯ ಬಂಧನವಾಯಿತು, ಕೊಲೆ ಕೇಸು ಬಿತ್ತು. ಯಾರು ತಪ್ಪಿತಸ್ಥರು ಅನ್ನುವುದನ್ನು ಕೋರ್ಟು ಹೇಳಬೇಕು. ನಾನು ಹೇಳುವುದು ಬೇರೆ. ಎರಡು ಮೊಟ್ಟೆ ಐದು ಪಾವಿನ ಲೆಕ್ಕ ಆ ಜೈಲಿನಲ್ಲಿ ಅಷ್ಟು ಪಕ್ಕಾ ಇತ್ತು. ಒಬ್ಬ ಮನುಷ್ಯಳ ಮೈಮೇಲೆ ಎಷ್ಟು ಏಟು ಬಿತ್ತು ಅನ್ನುವ ಲೆಕ್ಕ ಮಾತ್ರ ಸಹಕೈದಿಗಳು ಬಾಯಿ ಬಿಟ್ಟಿದ್ದರಿಂದ ಹೊರಗೆ ಬಂತು. ಮಾರನೇ ದಿನ ಹೆಂಗಸರು ಜೈಲಿನ ಛಾವಣಿ ಹತ್ತಿ ಕೂಗಿದರು. ಅದಕ್ಕಾಗಿ ಅವರ ಮೇಲೂ ಗಲಭೆ ಕೇಸು ಬಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ ಅನ್ನುತ್ತೇವಲ್ಲ, ಅವರು ಛಾವಣಿ ಹತ್ತಿ ರಸ್ತೆಗೆ ಹೇಳಿದರು.

ಕಸ್ಟಡಿಯಲ್ಲಿ ಸಾವು ಆದರೆ 24 ಗಂಟೆಯೊಳಗೆ ತಿಳಿಸಬೇಕು ಅಂತ ರಾಷ್ಟ್ರೀಯ ಮಾನವ ಹಕ್ಕು ಆಯೋಗ 1993ರ ಡಿಸೆಂಬರ್‌ನಲ್ಲೇ ಬರೆದಿದೆ. ನ್ಯಾಯಾಂಗ ಮ್ಯಾಜಿಸ್ಟ್ರೇಟರೇ ತನಿಖೆ ಮಾಡಬೇಕು ಅಂತ ದಂಡ ಪ್ರಕ್ರಿಯಾ ಸಂಹಿತೆಗೆ (ಸಿಆರ್‌ಪಿಸಿ) ಆದ 2005ರ ತಿದ್ದುಪಡಿ ಹೇಳಿತು. ಅದರ ಬದಲಿಗೆ ಬಂದ ಈಗಿನ ಹೊಸ ಸಂಹಿತೆಯಲ್ಲೂ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ, ಅದು ಉಳಿದಿದೆ. ಇನ್ನು ಅಂಕಿ ಅಂಶ. 2022ರ ಸರ್ಕಾರಿ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿ 1,995 ಮಂದಿ ಸತ್ತರು. ಅದರಲ್ಲಿ 1,773 'ಸಹಜ ಸಾವು'. ಈ ಸಹಜ ಅನ್ನುವ ಕಾಲಂ ನನಗೆ ನಿದ್ದೆ ಕೆಡಿಸುತ್ತದೆ. ಟಿಬಿ ಬಂದು ಸತ್ತರೂ ಸಹಜ, ಹೃದಯಾಘಾತಕ್ಕೂ ಸಹಜ. ಔಷಧಿ ಸರಿಯಾಗಿ ಸಿಕ್ಕಿತ್ತಾ, ಆಸ್ಪತ್ರೆಗೆ ಒಯ್ಯಲು ಎಸ್ಕಾರ್ಟ್ ಎಷ್ಟು ಹೊತ್ತಿಗೆ ಬಂತು, ಇದನ್ನೆಲ್ಲ ಆ ಕಾಲಂ ಕೇಳುವುದಿಲ್ಲ. 15ನೇ ಸೆಕ್ಷನ್ನಿನ ಒಂಬತ್ತು ಪ್ರಶ್ನೆಗಳಿಗೆ ಪ್ರತಿ ಜೈಲಿನಲ್ಲೂ ಉತ್ತರ ಬರೆದಿರಬೇಕು. ದೇಶದ ಲೆಕ್ಕಕ್ಕೆ ಬರುವಾಗ ಒಂಬತ್ತೂ ಸೇರಿ ಒಂದು ಪದ ಆಗುತ್ತವೆ.

ಹಾಗಾದರೆ ಒಳಗೆ ಹೋಗಿ ಓದುವವರು ಯಾರೂ ಇಲ್ಲವೇ? ಇದ್ದಾರೆ, ಇರಬೇಕು. ಪ್ರತಿ ಜೈಲಿಗೂ ಸಂದರ್ಶಕರ ಮಂಡಳಿ ಅಂತ ಇರುತ್ತದೆ. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಅವರ ಜೊತೆ ಸರ್ಕಾರ ನೇಮಿಸಿದ ನಮ್ಮಂಥ ಸಾಮಾನ್ಯ ಜನ. ಈ ಸಾಮಾನ್ಯ ಜನರ ನೇಮಕ ಎಷ್ಟೋ ಕಡೆ ವರ್ಷಗಟ್ಟಲೆ ಆಗುವುದೇ ಇಲ್ಲ. ಒಂದು ಜೈಲಿನ ಸಂದರ್ಶಕರ ಪುಸ್ತಕದ ನಕಲು ನನಗೆ ನೋಡಲು ಸಿಕ್ಕಿತ್ತು. ಪುಟದ ಮೇಲೆ ಪುಟ ಒಂದೇ ಮಾತು. 'ಭೇಟಿ ನೀಡಿದೆ. ಅಡುಗೆಮನೆ ನೋಡಿದೆ. ಊಟ ರುಚಿ ನೋಡಿದೆ. ಎಲ್ಲವೂ ಸರಿಯಿದೆ.' ಕೆಳಗೆ ಸಹಿ. ನಡುವೆ ಒಂದೇ ಒಂದು ಪುಟದಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಬರೆದಿದ್ದರು: 'ಎರಡನೇ ಬ್ಯಾರಕ್ಕಿನ ಕಕ್ಕಸಿಗೆ ಬಾಗಿಲಿಲ್ಲ. ಹಿಂದಿನ ಸಲವೂ ಹೇಳಿದ್ದೆ.' ಅದರ ಎದುರು ಉತ್ತರ ಬರೆಯಬೇಕಾದ ಜಾಗ ಖಾಲಿ. ನನ್ನ ಸಂಶೋಧನೆಯೆಲ್ಲ ಆ ಖಾಲಿ ಜಾಗದ ಬಗ್ಗೆಯೇ ಅಂದರೂ ಸರಿ.

ವಿಶ್ವಸಂಸ್ಥೆ 1955ರಲ್ಲಿ ಕೈದಿಗಳ ಬಗ್ಗೆ ಕನಿಷ್ಠ ನಿಯಮಗಳನ್ನು ಮಾಡಿದಾಗ, ದಾಖಲೆ ಪುಸ್ತಕ ಬೈಂಡು ಮಾಡಿರಬೇಕು, ಪುಟಗಳಿಗೆ ನಂಬರ್ ಇರಬೇಕು ಅಂತ ಬರೆದರು. ಹಾಳೆ ಹರಿದರೆ ಗೊತ್ತಾಗಲಿ ಅಂತ. 2015ರಲ್ಲಿ ನೆಲ್ಸನ್ ಮಂಡೇಲಾ ಅವರ ಹೆಸರಿನಲ್ಲಿ ಆ ನಿಯಮಗಳನ್ನು ತಿದ್ದಿದರು. ಇಲಾಖೆಯವರು ಮಾಡುವ ತಪಾಸಣೆ ಒಂದು, ಇಲಾಖೆಗೆ ಸಂಬಂಧವಿಲ್ಲದವರು ಮಾಡುವ ತಪಾಸಣೆ ಇನ್ನೊಂದು, ಎರಡೂ ಬೇಕು ಅಂತ ಅದರಲ್ಲಿದೆ. ತಪಾಸಣೆಗೆ ಬಂದವರು ಮುಂಚೆ ತಿಳಿಸದೆ ಬರಬಹುದು. ಯಾವ ಕೈದಿಯನ್ನಾದರೂ ಒಬ್ಬನೇ ಕೂರಿಸಿ ಮಾತಾಡಿಸಬಹುದು. 'ಒಬ್ಬನೇ' ಅನ್ನುವುದೇ ಇಲ್ಲಿ ಮುಖ್ಯ. ಜೈಲರ್ ಪಕ್ಕದಲ್ಲಿ ನಿಂತಿದ್ದಾಗ ಊಟ ಹೇಗಿದೆ ಅಂತ ಕೇಳಿದರೆ ಯಾರು ತಾನೇ ಕೆಟ್ಟದಾಗಿದೆ ಅನ್ನುತ್ತಾರೆ?

ನಮ್ಮಲ್ಲಿ ಬಾಗಿಲು ಇನ್ನೂ ಕಿರಿದಾಗಿದೆ. ಜೈಲು ರಾಜ್ಯಗಳ ವಿಷಯ. ಆದರೆ ಕೇಂದ್ರ ಗೃಹ ಸಚಿವಾಲಯ 2015ರಲ್ಲಿ ರಾಜ್ಯಗಳಿಗೆ ಒಂದು ಸಲಹಾ ಪತ್ರ ಕಳಿಸಿತು. ಸಂಶೋಧಕರು, ಪತ್ರಕರ್ತರು ಒಳಗೆ ಬರಬೇಕಾದರೆ ಒಂದು ಲಕ್ಷ ರೂಪಾಯಿ ಠೇವಣಿ. ರೆಕಾರ್ಡ್ ಮಾಡಿದ್ದನ್ನು ಜೈಲಿನವರಿಗೆ ತೋರಿಸಬೇಕು. ಪ್ರಕಟಿಸುವ ಮುಂಚೆ ಅವರಿಂದ ನಿರಾಕ್ಷೇಪಣಾ ಪತ್ರ ಬೇಕು. ಜೈಲು ಜವಾಬು ಕೊಡುತ್ತಿದೆಯಾ ಅಂತ ನೋಡಲು ಹೋಗುವವಳು ಮೊದಲು ಜೈಲಿನ ಒಪ್ಪಿಗೆ ಪಡೆಯಬೇಕು. ಹಾಗಾಗಿ ನನ್ನಂಥವರು ಹೊರಗಿನಿಂದಲೇ ಓದುತ್ತೇವೆ. ಆರ್‌ಟಿಐ ಅರ್ಜಿ, ಕೋರ್ಟಿನ ಆದೇಶ, ಬಿಡುಗಡೆಯಾದವರ ಮಾತು, ವಕೀಲರ ಕಡತ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಪ್ರಯಾಸ್' 1990ರಿಂದ ಈ ಊರಿನಲ್ಲಿ ಕೈದಿಗಳ ನಡುವೆ ಕೆಲಸ ಮಾಡುತ್ತಿದೆ. ಅಲ್ಲಿನ ಸಮಾಜ ಕಾರ್ಯಕರ್ತರಿಗೆ ಗೊತ್ತಿರುವಷ್ಟು ನಮ್ಮ ಯಾವ ಪುಸ್ತಕದಲ್ಲೂ ಇಲ್ಲ.

ಆದರೂ ಹೊರಗಿನವರ ಓದು ವ್ಯರ್ಥ ಅಲ್ಲ. 2024ರ ಅಕ್ಟೋಬರ್ 3ರ ತೀರ್ಪು ನೋಡಿ. ಈ ಊರಿನಲ್ಲೇ ಕೆಲಸ ಮಾಡುವ ಪತ್ರಕರ್ತೆ ಸುಕನ್ಯಾ ಶಾಂತಾ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದರ ಬಗ್ಗೆ ಬರೆದರು, ಆಮೇಲೆ ಸುಪ್ರೀಂ ಕೋರ್ಟಿಗೆ ಹೋದರು. ಅಡುಗೆ ಇಂಥ ಜಾತಿಯವರಿಗೆ, ಕಸ ಗುಡಿಸುವುದು ಇಂಥವರಿಗೆ ಅಂತ ಕೆಲವು ರಾಜ್ಯಗಳ ಜೈಲು ಕೈಪಿಡಿಯಲ್ಲೇ ಅಚ್ಚಾಗಿತ್ತು. ಸಂವಿಧಾನ ಬಂದು 70 ವರ್ಷ ದಾಟಿದ ಮೇಲೂ ಇತ್ತು. ಕೋರ್ಟು ಅದನ್ನೆಲ್ಲ ರದ್ದು ಮಾಡಿತು. ಕೈದಿಗಳ ರಿಜಿಸ್ಟರಿನಲ್ಲಿ ಇರುವ ಜಾತಿಯ ಕಾಲಂ ಅಳಿಸಿ ಅಂದಿತು. ಆ ಕೈಪಿಡಿಗಳು ಗುಟ್ಟಿನ ಕಾಗದವೇನಲ್ಲ, ಸರ್ಕಾರಿ ಪುಸ್ತಕ. ಕೂತು ಓದಿ, ಇದು ಸರಿಯಲ್ಲ ಅಂತ ಹೇಳಲು ಒಬ್ಬರು ಬೇಕಾಗಿತ್ತು.

ಇನ್ನು ನಮ್ಮವರ ವಿಷಯಕ್ಕೆ ಬರುತ್ತೇನೆ. ಒಮ್ಮೆ ಆರ್ಥರ್ ರೋಡ್ ಜೈಲಿನ ಹೊರಗೆ ಯಾದಗಿರಿ ಕಡೆಯ ಒಬ್ಬ ತಾಯಿ ಸಿಕ್ಕಿದರು. ಮಗ ಕಟ್ಟಡದ ಕೆಲಸಕ್ಕೆ ಬಂದವನು, ಕಳ್ಳತನದ ಕೇಸಿನಲ್ಲಿ ಒಳಗಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಎರಡು ಬನಿಯನ್, ಒಂದು ಟವಲ್, ಆಧಾರ್ ಕಾರ್ಡಿನ ಜೆರಾಕ್ಸ್. ಮುಲಾಖಾತಿಗೆ ಹೆಸರು ಬರೆಸಬೇಕು ಅಂತ ಗೊತ್ತಿತ್ತು. ಎಲ್ಲಿ ಅಂತ ಗೊತ್ತಿರಲಿಲ್ಲ. ಕಿಟಕಿಯಲ್ಲಿ ಮರಾಠಿ, ಹಿಂದಿ. ಅವರಿಗೆ ಎರಡೂ ಬರದು. 'ಯವ್ವಾ, ಇದ್ರಾಗ ಏನ್ ಬರದಾರ ಸ್ವಲ್ಪ ಓದಿ ಹೇಳು' ಅಂತ ಒಂದು ಕಾಗದ ಕೊಟ್ಟರು. ಓದಿದೆ. ಮಗನಿಗೆ ಜಾಮೀನು ಸಿಕ್ಕಿ ತಿಂಗಳ ಮೇಲಾಗಿತ್ತು! ಮುಂಬಯಿಯಲ್ಲಿ ಮನೆ, ರೇಷನ್ ಕಾರ್ಡು ಇರುವ ಜಾಮೀನುದಾರ ಬೇಕು ಅಂತ ಷರತ್ತು. ಅದನ್ನು ಆ ತಾಯಿಗಾಗಲಿ ಮಗನಿಗಾಗಲಿ ಅವರ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ.

ಈ ಊರಿನ ಜಾಮೀನುದಾರನೇ ಬೇಕು ಅನ್ನುವ ಹಟ ಹೊಸದಲ್ಲ. 1978ರಲ್ಲಿ ಮೋತಿ ರಾಮ್ ಅನ್ನುವ ಗಾರೆ ಕೆಲಸದವನ ಕೇಸಿನಲ್ಲಿ ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಮ್ಯಾಜಿಸ್ಟ್ರೇಟರು ಜಾಮೀನು ಒಪ್ಪಲಿಲ್ಲ. ಅದು ತಪ್ಪು ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವತ್ತೇ ಬರೆದರು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಮತ್ತೆ ಅದೇ ಮಾತು ಹೇಳಬೇಕಾಯಿತು. ಸ್ಥಳೀಯ ಜಾಮೀನುದಾರನ ಷರತ್ತಿನಿಂದ ಬಿಡುಗಡೆ ತಡವಾಗುತ್ತಿದ್ದರೆ ಆ ಷರತ್ತು ಹಾಕದಿರಬಹುದು ಅಂದಿತು. ಜಾಮೀನು ಸಿಕ್ಕಿ ಏಳು ದಿನದಲ್ಲಿ ಕೈದಿ ಹೊರಗೆ ಹೋಗದಿದ್ದರೆ ಸೂಪರಿಂಟೆಂಡೆಂಟ್ ಅದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತಲೂ ಹೇಳಿತು. ಏಳು ದಿನ, ಇಂಥ ಅಧಿಕಾರಿ, ಇಂಥವರಿಗೆ ತಿಳಿಸಬೇಕು. ಜವಾಬ್ದಾರಿಗೆ ಹೆಸರು, ತಾರೀಕು ಎರಡೂ ಇರುವ ಇಂಥ ಆದೇಶಗಳನ್ನೇ ನಾನು ಹುಡುಕುತ್ತಿರುತ್ತೇನೆ.

2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯ 479ನೇ ಸೆಕ್ಷನ್ನೂ ಅಂಥದ್ದೇ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು, ಈಗಿನ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣೆಯಲ್ಲೇ ಕಳೆದಿದ್ದರೆ ಅವನನ್ನು ಬಿಡಬೇಕು. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇದಿಲ್ಲ. ಒಂದಕ್ಕಿಂತ ಜಾಸ್ತಿ ಕೇಸು ಇದ್ದವರಿಗೂ ಇಲ್ಲ, ಅದೊಂದು ದೊಡ್ಡ ತೊಡಕು. ಆದರೆ ಅವಧಿ ಮುಗಿದ ಕೂಡಲೇ ಕೋರ್ಟಿಗೆ ಅರ್ಜಿ ಬರೆಯಬೇಕಾದವರು ಜೈಲಿನ ಸೂಪರಿಂಟೆಂಡೆಂಟರೇ. ಕೈದಿ ಕೇಳಬೇಕಾಗಿಲ್ಲ. ಬರೆದಿಲ್ಲ ಅಂದರೆ ಯಾಕೆ ಬರೆದಿಲ್ಲ ಅಂತ ನಾವು ಕೇಳಬಹುದು.

ಜೈಲಿನ ಹೊರಗೆ ಜಾಮೀನು ಪೆಟ್ಟಿಗೆ ಅಂತ ಇರುವುದು ಈಗ ಎಲ್ಲರಿಗೂ ಗೊತ್ತು. 2021ರಲ್ಲಿ ಒಬ್ಬ ದೊಡ್ಡ ನಟರ ಮಗನ ಬಿಡುಗಡೆ ಕಾಗದ ಸಂಜೆ ಐದೂವರೆಯೊಳಗೆ ಆ ಪೆಟ್ಟಿಗೆಗೆ ಬೀಳಲಿಲ್ಲ. ಅವನು ಇನ್ನೊಂದು ರಾತ್ರಿ ಒಳಗೇ ಇರಬೇಕಾಯಿತು. ಅವತ್ತು ಟಿವಿಯವರೆಲ್ಲ ಆ ಪೆಟ್ಟಿಗೆ ತೋರಿಸಿದರು. ಯಾವ ಟಿವಿಗೂ ಬೇಡದವರು ಆ ಪೆಟ್ಟಿಗೆಯ ಸಮಯ ತಪ್ಪಿ ಎಷ್ಟು ರಾತ್ರಿ ಕಳೆದಿದ್ದಾರೋ. ಬೆಂಗಳೂರಿನಲ್ಲೂ ಹಾಗೇ ಆಯಿತಲ್ಲ. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದ ಒಂದು ಫೋಟೋ ಹೊರಗೆ ಬಂತು. ಒಬ್ಬ ನಟ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕಪ್ಪು, ಸಿಗರೇಟು ಹಿಡಿದು ಕೂತಿದ್ದ ಫೋಟೋ. ಕೂಡಲೇ ಅಧಿಕಾರಿಗಳು ಅಮಾನತಾದರು. ಫೋಟೋ ಬಂದರೆ ಕ್ರಮ. ಫೋಟೋ ಬರದ ಬ್ಯಾರಕ್ಕಿನ ಬಗ್ಗೆ ಯಾರೂ ಕೇಳಲ್ಲ. ಇದು ನನಗೆ ಸಮಾಧಾನ ಕೊಡುವುದಿಲ್ಲ.

ಸಿಬ್ಬಂದಿಯ ಬಗ್ಗೆಯೂ ಎರಡು ಮಾತು. ದೇಶದ ಜೈಲುಗಳಲ್ಲಿ ತುಂಬಬೇಕಾದ ಹುದ್ದೆಗಳು ಬಹಳ ಖಾಲಿ ಇವೆ. ನೂರಾರು ಜನರ ಬ್ಯಾರಕ್ಕಿಗೆ ರಾತ್ರಿ ಒಬ್ಬ ಗಾರ್ಡ್. ಅವನೂ ಹೆದರಿಕೊಂಡೇ ಇರುತ್ತಾನೆ. ಮೇಲಿನವರು ಜವಾಬು ಕೊಡದ ಕಡೆ ಸಿಕ್ಕಿಬೀಳುವುದು ಯಾವಾಗಲೂ ಅವನೇ. ಅವನ ಡ್ಯೂಟಿ ಎಷ್ಟು ಗಂಟೆ, ರಜೆ ಸಿಗುತ್ತದೋ ಇಲ್ಲವೋ ಅನ್ನುವುದನ್ನೂ ಸಂದರ್ಶಕರು ಕೇಳಬೇಕು ಅಂತ ನಾನು ಬರೆಯುತ್ತಿದ್ದೇನೆ.

ಇಷ್ಟು ಹೇಳಿದ ಮೇಲೆ ಸಭಿಕರ ಪ್ರಶ್ನೆಗಳು ಬಂದವು.

ಹಿರಿಯರೊಬ್ಬರು ಎದ್ದು ನಿಂತು ಕೇಳಿದರು. 'ಅಮ್ಮಾ, ಜೈಲು ಅಂದ್ರೆ ಶಿಕ್ಷೆ ಅಲ್ವಾ? ನನ್ನ ಅಂಗಡಿ ಒಡೆದವನು ಅಲ್ಲಿ ಸುಖವಾಗಿರಬೇಕಾ?' ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 2022ರ ಲೆಕ್ಕ ನೋಡಿ. ದೇಶದ ಜೈಲುಗಳಲ್ಲಿ 5,73,220 ಜನ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರಕ್ಕೆ 75ಕ್ಕೂ ಜಾಸ್ತಿ. ಜೈಲಿನ ಭಾಷೆಯಲ್ಲಿ ಕಚ್ಚಾ ಕೈದಿಗಳು. ಇವರ ಬಗ್ಗೆ ಇನ್ನೂ ತೀರ್ಪೇ ಆಗಿಲ್ಲ. ಇನ್ನು ಶಿಕ್ಷೆಯಾದವನಿಗೆ ಜಡ್ಜು ಬರೆದದ್ದು ಇಷ್ಟು ವರ್ಷ ಸಜೆ ಅಂತ. ಏಟು, ಹಸಿವು, ಔಷಧಿ ಕೊಡದಿರುವುದು ಯಾವ ತೀರ್ಪಿನಲ್ಲೂ ಬರೆದಿಲ್ಲ, ಸರ್. ಬರೆಯದ ಶಿಕ್ಷೆಯನ್ನು ಕೊಡುವ ಅಧಿಕಾರ ಜೈಲಿಗೆ ಎಲ್ಲಿಂದ ಬಂತು ಅನ್ನುವುದಷ್ಟೇ ನನ್ನ ಪ್ರಶ್ನೆ.

ಸಿಸಿಟಿವಿ ಹಾಕಿದರೆ ಸಾಕಲ್ವಾ ಅಂತ ಒಬ್ಬ ವಿದ್ಯಾರ್ಥಿ ಕೇಳಿದ. ಎಲ್ಲ ಜೈಲುಗಳಲ್ಲೂ ಹಾಕಿ ಅಂತ 2015ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಬೇಕು, ಖಂಡಿತ ಬೇಕು. ಆದರೆ ಕ್ಯಾಮೆರಾದಲ್ಲಿ ಬಂದದ್ದು ಯಾರ ಹತ್ತಿರ ಇರುತ್ತದೆ, ಎಷ್ಟು ದಿನ ಉಳಿಯುತ್ತದೆ, ಯಾರು ಕೇಳಿದರೆ ಕೊಡಬೇಕು? ದೂರು ಪೆಟ್ಟಿಗೆಯ ಬಗ್ಗೆ 1979ರ ಸುನಿಲ್ ಬಾತ್ರಾ ತೀರ್ಪು ಇದನ್ನು ಸರಿಯಾಗಿ ಹಿಡಿದಿತ್ತು. ಪೆಟ್ಟಿಗೆ ಜೈಲಿನೊಳಗೆ, ಆದರೆ ಅದನ್ನು ತೆರೆಯುವುದು ಜಿಲ್ಲಾ ಮ್ಯಾಜಿಸ್ಟ್ರೇಟರು, ಸೆಷನ್ಸ್ ನ್ಯಾಯಾಧೀಶರ ಆದೇಶದ ಮೇಲೆ. ಕ್ಯಾಮೆರಾಕ್ಕೂ ಅಂಥದ್ದೇ ಒಂದು ಬೀಗದ ಕೈ ಹೊರಗಿನವರ ಹತ್ತಿರ ಇರಬೇಕು.

ಕೊನೆಯ ಪ್ರಶ್ನೆ ಹೋಟೆಲ್ ನಡೆಸುವವರೊಬ್ಬರದ್ದು. ಅವರ ಅಡುಗೆಮನೆಯಲ್ಲಿದ್ದ ವಿಜಯಪುರ ಕಡೆಯ ಹುಡುಗ ತಲೋಜಾದಲ್ಲಿದ್ದಾನೆ. ಹುಷಾರಿಲ್ಲ ಅಂತ ಯಾರೋ ಹೇಳಿದರಂತೆ, ಆಮೇಲೆ ಸುದ್ದಿ ಇಲ್ಲ. ಏನು ಮಾಡಬೇಕು? ಅವರಿಗೆ ಹೇಳಿದ್ದನ್ನು ಇಲ್ಲೂ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗವಾಗಬಹುದು. ಅವನ ಪೂರ್ತಿ ಹೆಸರು, ತಂದೆಯ ಹೆಸರು, ಪೊಲೀಸ್ ಠಾಣೆ, ಕೇಸಿನ ನಂಬರ್ ಮೊದಲು ಬರೆದಿಟ್ಟುಕೊಳ್ಳಿ. 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಬಂಧನದಲ್ಲಿರುವವರಿಗೆ ವಕೀಲರನ್ನು ಉಚಿತವಾಗಿ ಕೊಡಬೇಕು, ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಜೊತೆಗೆ ಜೈಲಿಗೆ ಒಂದು ಆರ್‌ಟಿಐ ಅರ್ಜಿ ಹಾಕಿ. ಜೀವ, ಸ್ವಾತಂತ್ರ್ಯಕ್ಕೆ ಸಂಬಂಧಪಟ್ಟ ಮಾಹಿತಿ 48 ಗಂಟೆಯೊಳಗೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ, ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. 'ಹೇಗಿದ್ದಾನೆ' ಅಂತ ಕೇಳಬೇಡಿ, ಚೆನ್ನಾಗಿದ್ದಾನೆ ಅಂತ ಉತ್ತರ ಬರುತ್ತದೆ. ಹುಷಾರಿಲ್ಲ ಅಂತ ಯಾವತ್ತು ಹೇಳಿದ, ಡಾಕ್ಟರು ಯಾವತ್ತು ನೋಡಿದರು, ಏನು ಔಷಧಿ ಕೊಟ್ಟರು, ಯಾವ ಆಸ್ಪತ್ರೆಗೆ ಒಯ್ದರು ಅಂತ ತಾರೀಕು ಕೇಳಿ. ಅವನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರದಿದ್ದರೆ ಅದನ್ನೂ ವಕೀಲರಿಗೆ ತಿಳಿಸಿ. ಸಾಕ್ಷಿಗಳ ಮಾತನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು ಅಂತ ಕಾನೂನಿದೆ. ದುಭಾಷಿ ಬೇಕು ಅಂತ ಮುಂದಿನ ತಾರೀಕಿಗೇ ಅರ್ಜಿ ಹಾಕಬಹುದು.